ಹಸಿರು ಬೋರ್ಡು ಮತ್ತು ಬಾ ಬರೆದ ‘ಸಾರುಂ’

ನನ್ನ ಕೆಲಸ ಏನು ಅಂತ ಊರಿನವರು ಕೇಳಿದರೆ ಹೇಳಲು ಸ್ವಲ್ಪ ಕಷ್ಟ. “ಕಂಪ್ಯೂಟರ್ ಗ್ರಾಹಕರ ಜೊತೆ ಚಾಟ್ ಮಾಡುತ್ತದೆ, ಅದು ಸರಿಯಾಗಿ ಮಾಡುತ್ತಿದೆಯಾ ಅಂತ ನಾನು ನೋಡುತ್ತೇನೆ” ಅಂದರೆ ಅಣ್ಣ ನಗುತ್ತಾನೆ. ನೋಡುವುದು ಅಂದರೂ ಮಾತನ್ನಲ್ಲ ಬಿಡಿ, ಲೆಕ್ಕವನ್ನು. ಅಹಮದಾಬಾದಿನ ನಮ್ಮ ಆಫೀಸಿನ ಗೋಡೆಯ ಮೇಲೆ ದೊಡ್ಡ ಪರದೆ ಇದೆ. ಅದೇ ಡ್ಯಾಶ್‌ಬೋರ್ಡ್. ಇವತ್ತು ಎಷ್ಟು ಜನ ಬಂದರು, ಬಾಟ್‌ಗೆ ಎಷ್ಟು ಪ್ರಶ್ನೆ ಅರ್ಥವಾಗಲಿಲ್ಲ, ಎಷ್ಟು ಮಂದಿಯನ್ನು ಮನುಷ್ಯರ ಕಡೆಗೆ ದಾಟಿಸಬೇಕಾಯಿತು, ಎಲ್ಲ ಅಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ‘ಕಂಟೈನ್‌ಮೆಂಟ್’. ಮನುಷ್ಯರ ತನಕ ಹೋಗದೆ ಬಾಟ್ ಹತ್ತಿರವೇ ಮುಗಿದ ಮಾತುಕತೆಗಳ ಪಾಲು ಅದು. ಅದು ಏರಿದರೆ ಬೋರ್ಡು ಹಸಿರು, ನಮ್ಮ ಸಾಹೇಬರ ಮುಖವೂ ಹಸಿರು.

ಹೋದ ವರ್ಷ ನಮ್ಮ ಸೊಸೈಟಿಯ ಎರಡನೇ ಮಹಡಿಯ ಬಾ (ಗುಜರಾತಿನಲ್ಲಿ ಮನೆಯ ಹಿರಿಯ ಹೆಂಗಸನ್ನು ಹಾಗೇ ಕರೆಯುವುದು) ಮೆಟ್ಟಿಲ ಮೇಲೆ ಸಿಕ್ಕಿದರು. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಟ್ಟಾಗಿದೆ, ಫೋನಿನಲ್ಲಿ ಬರೆದು ಹೇಳಿದೆ, ಏನೂ ಆಗಲಿಲ್ಲ ಭಾಯಿ ಅಂದರು. ಕೇಳಿ ನೋಡಿದರೆ ಅದು ನಾವೇ ನಡೆಸುವ ಬಾಟ್! ಮರುದಿನ ಆ ಮಾತುಕತೆಯನ್ನು ಹುಡುಕಿ ತೆಗೆದೆ. ಬಾ ಇಂಗ್ಲಿಷ್ ಅಕ್ಷರದಲ್ಲಿ ಗುಜರಾತಿ ಬರೆದಿದ್ದರು, ‘ಪೈಸಾ ಬೇ ವಾರ್ ಕಪಾಯಾ’. ಬಾಟ್ ಮೂರು ಸಲ ಅದೇ ಮೆನು ತೋರಿಸಿತ್ತು. ಕೊನೆಗೆ ಅವರು ‘ಸಾರುಂ’ ಅಂತ ಬರೆದು ಫೋನ್ ಕೆಳಗಿಟ್ಟಿದ್ದರು.

ಸಾರುಂ ಅಂದರೆ ‘ಸರಿ’, ‘ಒಳ್ಳೆಯದು’. (ನಾನು ಬಂದ ಹೊಸದರಲ್ಲಿ ಇವರೆಲ್ಲ ಯಾಕೆ ಮಾತುಮಾತಿಗೆ ಸಾರು ಕೇಳುತ್ತಾರೆ ಅಂದುಕೊಂಡಿದ್ದೆ!) ‘ಸರಿ ಬಿಡಪ್ಪಾ’ ಅನ್ನುವುದಕ್ಕೂ ಇಲ್ಲಿ ಅದೇ ಮಾತು. ಬಾಟ್ ಅದನ್ನು ಮೆಚ್ಚುಗೆ ಅಂತ ಬರೆದುಕೊಂಡಿತ್ತು. ಸಮಸ್ಯೆ ಬಗೆಹರಿದಿದೆ, ಗ್ರಾಹಕರು ತೃಪ್ತರು. ಆ ತಿಂಗಳ ವರದಿಯನ್ನು ಮೀಟಿಂಗಿನಲ್ಲಿ ತೋರಿಸಿ ಚಪ್ಪಾಳೆ ತೆಗೆದುಕೊಂಡವನು ನಾನೇ.

ಈ ಅಳತೆ ಎಲ್ಲಿಂದ ಬಂತು ಅಂತ ಆಮೇಲೆ ತಲೆ ಕೆಡಿಸಿಕೊಂಡೆ. ಲೆಕ್ಕ ಶುರುವಾಗಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಎರ್ಲಾಂಗ್ ಅನ್ನುವ ಗಣಿತಜ್ಞ 1909ರಿಂದಲೇ ಕರೆಗಳು ಹೇಗೆ ಬಂದು ಬೀಳುತ್ತವೆ, ಎಷ್ಟು ಲೈನ್ ಬೇಕು ಅಂತ ಸೂತ್ರ ಹಾಕಿದ್ದ. ಇವತ್ತಿಗೂ ಕಾಲ್ ಸೆಂಟರುಗಳು ಆ ಲೆಕ್ಕವನ್ನೇ ನಂಬಿವೆ. ಕಂಪ್ಯೂಟರ್ ಜೊತೆ ಹರಟೆ ಶುರುವಾಗಿದ್ದು ತಡವಾಗಿ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಬಗ್ಗೆ ಬರೆದ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ, ನಾವು ಹೇಳಿದ್ದನ್ನೇ ತಿರುಗಿಸಿ ಕೇಳುತ್ತಿತ್ತು. ಆದರೂ ಅವನ ಸೆಕ್ರೆಟರಿಯೇ ಅದರ ಜೊತೆ ಮಾತಾಡುವಾಗ, ನೀವು ಸ್ವಲ್ಪ ಹೊರಗೆ ಹೋಗಿ ಅಂದಳಂತೆ. ಇವೆರಡರ ನಂತರ ಬಂದಿದ್ದು ‘ಇದಕ್ಕಾಗಿ ಒಂದನ್ನು ಒತ್ತಿ’ ಅನ್ನುವ ಐವಿಆರ್. ಕಂಟೈನ್‌ಮೆಂಟ್ ಅನ್ನುವ ಮಾತು ಅಲ್ಲಿಯದು. ಸಂಬಳ ತೆಗೆದುಕೊಳ್ಳುವ ಮನುಷ್ಯನ ತನಕ ಎಷ್ಟು ಕರೆ ಹೋಗಲಿಲ್ಲ ಅಂತ ಎಣಿಸಲು ಹುಟ್ಟಿದ ಲೆಕ್ಕ. ಬೇಸತ್ತು ಫೋನ್ ಇಟ್ಟವನೂ ಅದರಲ್ಲಿ ಗೆಲುವೇ.

ಬೋರ್ಡು ಅಂದರೇ ಮೋಸ ಅಂತಲ್ಲ. ನಾನು ಮೊದಲು ಕಂಡ ಬೋರ್ಡು ಬೇರೆ ತರಹದ್ದು.

1991ರಲ್ಲಿ ಸೂರತ್‌ನ ರಿಂಗ್ ರೋಡಿನ ಒಂದು ಸೀರೆ ಅಂಗಡಿಗೆ ಲೆಕ್ಕ ಬರೆಯಲು ಬಂದವನು ನಾನು. 1994ರ ಸೆಪ್ಟೆಂಬರಿನಲ್ಲಿ ಪ್ಲೇಗ್ ಸುದ್ದಿ ಹಬ್ಬಿತು. ಲಕ್ಷಾಂತರ ಜನ ಊರು ಬಿಟ್ಟರು. ನಾನೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ವಡೋದರಾದ ಮಾವನ ಮನೆಗೆ ಓಡಿದೆ. ವಾಪಸು ಬಂದಾಗಲೂ ಅದೇ ಕಸ, ಅದೇ ಮೋರಿ. 1995ರಲ್ಲಿ ಎಸ್.ಆರ್. ರಾವ್ ಮುನ್ಸಿಪಲ್ ಕಮಿಷನರ್ ಆಗಿ ಬಂದರು. (ರಾವ್ ಅಂದ ಕೂಡಲೇ ಉಡುಪಿ ಕಡೆಯವರಾ ಅಂತ ಕೇಳಬೇಡಿ, ತೆಲುಗಿನವರು.) ಊರನ್ನು ಆರು ವಲಯ ಮಾಡಿ, ಪ್ರತಿ ವಲಯದ ಅಧಿಕಾರಿಗೂ ಖರ್ಚು ಮಾಡುವ ಅಧಿಕಾರ ಕೊಟ್ಟರು. ದೂರಿಗೆ ಗಡುವು, ಆಸ್ಪತ್ರೆಗಳಿಂದ ಕಾಯಿಲೆಯ ದಿನದಿನದ ಲೆಕ್ಕ. ಆದರೆ ಮುಖ್ಯ ವಿಷಯ ಇದು: ಅಧಿಕಾರಿಗಳು ಬೆಳಿಗ್ಗೆ ಬೀದಿಯಲ್ಲಿ ಇರಬೇಕು, ಮಧ್ಯಾಹ್ನ ಮೀಟಿಂಗಿನಲ್ಲಿ. ‘ಎಸಿಯಿಂದ ಡಿಸಿಗೆ’ ಅಂತ ಅದಕ್ಕೆ ಹೆಸರು, ಏರ್ ಕಂಡೀಷನ್ ಕೋಣೆ ಬಿಟ್ಟು ದಿನದ ಚಾಕರಿಗೆ ಬನ್ನಿ ಅಂತ. ಕಾಗದದಲ್ಲಿ ‘ಕಸ ಎತ್ತಿದೆ’ ಅಂತ ಇದ್ದರೆ, ಆ ಕಸದ ಜಾಗವನ್ನು ಅವತ್ತೇ ಬೆಳಿಗ್ಗೆ ನೋಡಿದವರು ಮೀಟಿಂಗಿನಲ್ಲಿ ಇರುತ್ತಿದ್ದರು. ಕೆಲವೇ ವರ್ಷಗಳಲ್ಲಿ ಇನ್‌ಟ್ಯಾಕ್ ಸಂಸ್ಥೆ ಚಂಡೀಗಢದ ನಂತರ ಸೂರತ್ ದೇಶದ ಎರಡನೇ ಸ್ವಚ್ಛ ನಗರ ಅಂದಿತು.

2003ರ ಏಪ್ರಿಲಿನಲ್ಲಿ ಶುರುವಾದ ‘ಸ್ವಾಗತ್’ನಲ್ಲೂ ಇಂಥದ್ದೇ ಒಂದು ಗುಣ ಇತ್ತು. ತಿಂಗಳ ನಾಲ್ಕನೇ ಗುರುವಾರ ಮುಖ್ಯಮಂತ್ರಿ ದೂರು ಕೇಳುವುದು, ಜಿಲ್ಲೆಯ ಅಧಿಕಾರಿಗಳು ವಿಡಿಯೋದಲ್ಲಿ. ದೂರು ಕೊಟ್ಟವನು ಅಲ್ಲೇ ಕೂತಿರುವಾಗ ‘ಬಗೆಹರಿದಿದೆ’ ಅಂತ ಸುಮ್ಮನೆ ಬರೆಯುವುದು ಸುಲಭವಲ್ಲ ನೋಡಿ. 2010ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿಯೂ ಬಂತು.

ಇನ್ನೊಂದು ಕಥೆ ವಡೋದರಾದ್ದು, ನಮ್ಮದೂ ಹೌದು. ಸಯಾಜಿರಾವ್ ಗಾಯಕ್ವಾಡ್ 1908ರಲ್ಲಿ ಕಟ್ಟಿದ ಬ್ಯಾಂಕ್ ಆಫ್ ಬರೋಡಾದ ಒಳಗೆ 2019ರ ಏಪ್ರಿಲ್ ಒಂದಕ್ಕೆ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಸೇರಿಹೋಯಿತು. ಅಪ್ಪನ ಹಳೇ ಪಾಸ್‌ಬುಕ್ ಇನ್ನೂ ನನ್ನ ಕಪಾಟಿನಲ್ಲಿದೆ. 2023ರಲ್ಲಿ ಆ ಬ್ಯಾಂಕಿನ ಮೊಬೈಲ್ ಆ್ಯಪ್‌ಗೆ ಸೇರಿದವರ ಸಂಖ್ಯೆ ಏರಿಸಲು ಗ್ರಾಹಕರ ಖಾತೆಗೆ ಬೇರೆಯವರ ಫೋನ್ ನಂಬರ್ ಜೋಡಿಸಿದ್ದಾರೆ ಅಂತ ಪತ್ರಿಕೆಗಳಲ್ಲಿ ವರದಿಯಾಯಿತು. ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಆ ಆ್ಯಪ್‌ಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ತಡೆ ತೆಗೆಯಿತು. ಓದಿದಾಗ ನನಗೆ ಬಾ ನೆನಪಾಗಲಿಲ್ಲ, ಬಾ ಸಿಕ್ಕಿದ್ದೇ ಆಮೇಲೆ. ಈಗ ಎರಡೂ ಒಟ್ಟಿಗೇ ನೆನಪಾಗುತ್ತವೆ.

ನಾನೇನು ಕಮಿಷನರ್ ಅಲ್ಲ. ಆದರೂ ಗುರುವಾರ ಮಧ್ಯಾಹ್ನ, ಬೋರ್ಡು ‘ಮುಗಿದಿದೆ’ ಅನ್ನುವ ಮಾತುಕತೆಗಳಲ್ಲಿ ಹತ್ತನ್ನು ಕಣ್ಣುಮುಚ್ಚಿ ಆರಿಸಿ ಆ ಮನೆಗಳಿಗೆ ಫೋನ್ ಮಾಡುತ್ತೇನೆ. “ನಿಮ್ಮ ಕೆಲಸ ಆಯಿತಾ?” ಅಷ್ಟೇ ಪ್ರಶ್ನೆ. ಉತ್ತರಕ್ಕೆ ವರದಿಯಲ್ಲಿ ಒಂದು ಹೊಸ ಕಾಲಂ ಮಾಡಿದ್ದೇನೆ. ಮೊದಲ ತಿಂಗಳು ಆ ಕಾಲಂ ಕೆಂಪಾಗಿತ್ತು. ಇದನ್ನು ಕ್ಲೈಂಟಿಗೆ ತೋರಿಸಲೇಬೇಕಾ ಅಂತ ಸಾಹೇಬರು ಕೇಳಿದರು. ತೋರಿಸೋಣ ಅಂದೆ. ಸ್ವಲ್ಪ ಹೊತ್ತು ಪರದೆ ನೋಡಿ, ಸಾರುಂ ಅಂದರು. ಯಾವ ಅರ್ಥದ ಸಾರುಂ ಅಂತ ಗೊತ್ತಾಗಲಿಲ್ಲ.

ಬಾ ದುಡ್ಡು ವಾಪಸು ಬರಲು ಮತ್ತೆ ಮೂರು ವಾರ ಹಿಡಿಯಿತು. ಬಂದ ದಿನ ಒಂದು ಡಬ್ಬಿ ಥೇಪ್ಲಾ ಕಳಿಸಿದ್ದರು.