ಗಣಿಯೂರಿನ ಹೆಂಗಸರು: ಆಸ್ಟ್ರೇಲಿಯಾ, ಅಮೆರಿಕ ಬರೆದುಕೊಂಡದ್ದು, ಕೆಜಿಎಫ್ ಬರೆಯಬೇಕಾದ್ದು

ಕೋಲಾರ ಚಿನ್ನದ ಗಣಿಯ ಮಾತು ಬಂದರೆ ಅದು ಆಳ ಎಷ್ಟು, ಚಿನ್ನ ಎಷ್ಟು ಎಂಬಲ್ಲಿಂದಲೇ ಶುರುವಾಗುತ್ತದೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, ನೂರಿಪ್ಪತ್ತು ವರ್ಷದಲ್ಲಿ ಎತ್ತಿದ್ದು ಸುಮಾರು 800 ಟನ್ ಚಿನ್ನ, 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಬಂದ ಕರೆಂಟು. ಬಂಗಾರಪೇಟೆಯ ಶಾಲಾಮಕ್ಕಳಿಗೂ ಇದೆಲ್ಲ ಬಾಯಿಪಾಠ. ಕೇಜಿನಲ್ಲಿ ಇಳಿದ ಗಂಡಸಿನ ಬಗ್ಗೆ, ಅವನ ಮುಷ್ಕರ, ಸಂಘ, ಕಾಯಿಲೆಗಳ ಬಗ್ಗೆಯೂ ಬರಹಗಳಿವೆ. ಅವನು ಇಳಿದಾಗ ಮೇಲೆ ಉಳಿದವಳ ವಿಷಯಕ್ಕೆ ಬಂದರೆ ಮಾತ್ರ ಒಂದೆರಡು ಸಾಲು ಸಿಕ್ಕುತ್ತವೆ, ಅಷ್ಟೇ.

ಈ ಕೊರತೆ ಮೊದಲು ಕೆಜಿಎಫ್‌ಗೆ ಮಾತ್ರ ಇದ್ದದ್ದಲ್ಲ. ಐವತ್ತು ವರ್ಷದ ಹಿಂದೆ ಜಗತ್ತಿನ ಎಲ್ಲ ಗಣಿಯೂರುಗಳ ಕತೆಯೂ ಇದೇ ಆಗಿತ್ತು. ‘ಹೆಣ್ಣು ಮತ್ತು ಗಣಿ’ ಎಂಬ ಅಧ್ಯಯನ ಮುಖ್ಯವಾಗಿ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಬೆಳೆಯಿತು. ಇಬ್ಬರದೂ ಇಂಗ್ಲಿಷ್ ಮಾತು, ಇಬ್ಬರದೂ ವಲಸಿಗರು ಕಟ್ಟಿದ ದೇಶ, ಇಬ್ಬರೂ ಚಿನ್ನಕ್ಕಾಗಿ ಮುಗಿಬಿದ್ದವರು. ಹಾಗಿದ್ದೂ ಅಲ್ಲಿನ ಹೆಂಗಸರು ನಡೆದ ದಾರಿಗಳು ಬೇರೆಬೇರೆ. ಆ ವ್ಯತ್ಯಾಸವನ್ನು ಹಿಡಿದು ನೋಡಿದರೆ ನಮ್ಮ ಗಣಿಯ ಹೆಂಗಸರ ಬಾಳೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಬಂದವು ಪುರಾಣಗಳು. ಅಮೆರಿಕದಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ಮಂಡಿಸಿದ ವಾದದ ಪ್ರಕಾರ ಪಶ್ಚಿಮದ ಬಯಲುಗಳೇ ಅಮೆರಿಕನ್ನನ ಗುಣವನ್ನು ರೂಪಿಸಿದವು. ಆಸ್ಟ್ರೇಲಿಯಾದಲ್ಲಿ ರಸೆಲ್ ವಾರ್ಡ್ 1958ರಲ್ಲಿ ‘ದಿ ಆಸ್ಟ್ರೇಲಿಯನ್ ಲೆಜೆಂಡ್’ ಬರೆದು, ಕುರಿ ಮೇಯಿಸುವವರ ಹಾಗೂ ಅಲೆಮಾರಿ ಕೂಲಿಗಳ ಗೆಳೆತನದಲ್ಲಿ ದೇಶದ ಸ್ವಭಾವ ಹುಟ್ಟಿತೆಂದರು. ಎರಡೂ ಗಂಡಸರ ಕತೆಗಳೇ. ಆದರೆ ಅಮೆರಿಕದ ಕತೆಯಲ್ಲಿ ಹೆಂಗಸಿಗೆ ಒಂದು ಪಾತ್ರವಿತ್ತು. ಒರಟು ಊರಿಗೆ ಶಾಲೆ, ಚರ್ಚು, ಮರ್ಯಾದೆ ತರುವವಳು ಅವಳು. ಆಸ್ಟ್ರೇಲಿಯಾದ ಗೆಳೆಯರ ಗುಂಪಿನಲ್ಲಿ ಆ ಜಾಗವೂ ಇರಲಿಲ್ಲ. 1975ರಲ್ಲಿ ಆನ್ ಸಮ್ಮರ್ಸ್ ಅವರ ‘ಡ್ಯಾಮ್ಡ್ ವೋರ್ಸ್ ಅಂಡ್ ಗಾಡ್ಸ್ ಪೊಲೀಸ್’, ಮರುವರ್ಷ ಮಿರಿಯಮ್ ಡಿಕ್ಸನ್ ಅವರ ‘ದಿ ರಿಯಲ್ ಮಟಿಲ್ಡಾ’ ಬಂದವು. ಅಲ್ಲಿನ ಹೆಂಗಸನ್ನು ಹಾದರಗಿತ್ತಿ ಇಲ್ಲವೇ ನೀತಿ ಕಾಯುವವಳು ಎಂಬ ಎರಡೇ ಅಚ್ಚಿನಲ್ಲಿ ಒತ್ತಿದ್ದರೆಂದು ಸಮ್ಮರ್ಸ್ ತೋರಿಸಿದರು. ಡಿಕ್ಸನ್ ಇನ್ನೂ ಕಟುವಾಗಿ ಬರೆದರು. ಪಾಶ್ಚಾತ್ಯ ಹೆಂಗಸರಲ್ಲೇ ಹೆಚ್ಚು ಕಡೆಗಣನೆಗೆ ಒಳಗಾದವರು ತಮ್ಮ ದೇಶದವರು ಎಂಬುದು ಅವರ ನಿಲುವು.

ಈ ನಿಲುವಿಗೆ ತೊಡಕಾಗುವ ಸಂಗತಿಯೊಂದಿದೆ, ಈ ಕ್ಷೇತ್ರದ ಒಳ್ಳೆಯ ಬರಹಗಳೆಲ್ಲ ಅದನ್ನು ಬಿಡಿಸಲು ಹೆಣಗಿವೆ. ಆಸ್ಟ್ರೇಲಿಯಾ ತನ್ನ ಬಿಳಿಯ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತ ಕೊಟ್ಟದ್ದು 1902ರಲ್ಲಿ, ಅಮೆರಿಕಕ್ಕಿಂತ ಹದಿನೆಂಟು ವರ್ಷ ಮೊದಲು. (ಮೂಲನಿವಾಸಿ ಹೆಂಗಸರು 1962ರವರೆಗೆ ಕಾಯಬೇಕಾಯಿತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಹೆಂಗಸರ ಮತ ನಿಜವಾಗಿ ಕೈಗೆ ಸಿಕ್ಕಿದ್ದು 1965ರ ಕಾನೂನಿನ ನಂತರ.) ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1899ರಷ್ಟು ಹಿಂದೆಯೇ ಮತ ಬಂತು. ಕಾಲ್ಗೂರ್ಲಿಯ ಚಿನ್ನಕ್ಕೆ ಪೂರ್ವದಿಂದ ನುಗ್ಗಿದ ಒಂಟಿ ಗಂಡಸರ ಮತಬಲವನ್ನು ತಗ್ಗಿಸಲು ಅಲ್ಲಿನ ಹಳೆಯ ಮುಖಂಡರಿಗೆ ಮನೆತನಸ್ಥ ಹೆಂಗಸರ ಮತ ಬೇಕಾಗಿತ್ತೆಂದು ಇತಿಹಾಸಕಾರರು ವಿವರಿಸುತ್ತಾರೆ. ಕಾರಣ ಏನೇ ಇರಲಿ, ಮತವಂತೂ ಮೊದಲು ಬಂತು. ಆದರೆ ದುಡಿಮೆಯ ಹಕ್ಕಿನ ವಿಷಯದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

1907ರ ಹಾರ್ವೆಸ್ಟರ್ ತೀರ್ಪಿನಲ್ಲಿ ನ್ಯಾಯಾಧೀಶ ಹಿಗ್ಗಿನ್ಸ್ ದಿನಕ್ಕೆ ಏಳು ಶಿಲ್ಲಿಂಗ್ ಕೂಲಿ ನಿಗದಿ ಮಾಡಿದರು. ಗಂಡ, ಹೆಂಡತಿ, ಮೂವರು ಮಕ್ಕಳು ಮರ್ಯಾದೆಯಿಂದ ಬಾಳಲು ಬೇಕಾದಷ್ಟು ಎಂಬ ಲೆಕ್ಕ ಅದು. ಕೂಲಿಯವನಿಗೆ ಅದು ದೊಡ್ಡ ಗೆಲುವು. ಆದರೆ ಅದೇ ಲೆಕ್ಕದಲ್ಲಿ ಹೆಂಗಸು ಸಾಕಿಸಿಕೊಳ್ಳುವವಳಾಗಿ ಬರೆಯಲ್ಪಟ್ಟಳು. ಮುಂದೆ ಅವಳ ಕೂಲಿ ಗಂಡಸಿನದರ ಸುಮಾರು ಶೇ. 54ರಲ್ಲಿ ನಿಂತಿತು. ಸಮಾನ ವೇತನದ ತೀರ್ಪುಗಳು ಬಂದದ್ದು 1969 ಮತ್ತು 1972ರಲ್ಲಿ. ಬೆಳ್ಳಿ–ಸೀಸದ ಊರಾದ ಬ್ರೋಕನ್ ಹಿಲ್‌ನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವೇ ಊರನ್ನು ನಡೆಸುತ್ತಿತ್ತು. ಮದುವೆಯಾದ ಹೆಂಗಸು ಸಂಬಳದ ಕೆಲಸದಲ್ಲಿ ಇರಕೂಡದೆಂದು ಅದು ಕಟ್ಟುಮಾಡಿತ್ತು. ಗಣಿಯಲ್ಲಿ ಮಾತ್ರವಲ್ಲ, ಅಂಗಡಿ, ಕಚೇರಿಗಳಲ್ಲೂ ಅದೇ ನಿಯಮ. ಮದುವೆಯಾದ ಮೇಲೂ ಕೆಲಸ ಬಿಡೆನೆಂದು ಮಹಿಳೆಯೊಬ್ಬರು ಹಟ ಹಿಡಿದಾಗ ಈ ಕಟ್ಟು ಮುರಿಯಿತು. ಅದು 1981. ಬಡವರ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ಸಂಘಟನೆ ತನ್ನದೇ ಮನೆಯ ಹೆಣ್ಣಿಗೆ ಬಾಗಿಲು ಹಾಕಿದ್ದನ್ನು ಓದುವಾಗ ನೋವಾಗುತ್ತದೆ.

ಅಮೆರಿಕದಲ್ಲಿ ಅಂಥ ಬಲವಾದ ಸಂಘವೂ ಇಲ್ಲ, ಕುಟುಂಬದ ಕೂಲಿಯ ತೀರ್ಪೂ ಇಲ್ಲ. ಅಲ್ಲಿನ ಹೆಂಗಸು ನೆಚ್ಚಿದ್ದು ಕೋರ್ಟನ್ನು. 1964ರ ನಾಗರಿಕ ಹಕ್ಕುಗಳ ಕಾನೂನು ಕೆಲಸಕ್ಕೆ ತೆಗೆದುಕೊಳ್ಳುವಾಗ ಗಂಡು–ಹೆಣ್ಣೆಂದು ಭೇದ ಮಾಡಕೂಡದೆಂದಿತು. ಎಪ್ಪತ್ತರ ದಶಕದ ಮೊದಲಲ್ಲಿ ಅಪಲಾಚಿಯದ ಕಲ್ಲಿದ್ದಲ ಗಣಿಗಳಲ್ಲಿ ಹೆಂಗಸರು ಭೂಮಿಯೊಳಕ್ಕೆ ಇಳಿಯತೊಡಗಿದರು. 1977ರಲ್ಲಿ ವಕೀಲೆ ಬೆಟ್ಟಿ ಜೀನ್ ಹಾಲ್ ‘ಕೋಲ್ ಎಂಪ್ಲಾಯ್‌ಮೆಂಟ್ ಪ್ರಾಜೆಕ್ಟ್’ ಕಟ್ಟಿ, ಮರುವರ್ಷ 153 ಕಂಪನಿಗಳ ಮೇಲೆ ಒಟ್ಟಿಗೆ ದೂರು ಹಾಕಿದರು. ಮಿನಿಸೋಟಾದ ಕಬ್ಬಿಣದ ಗಣಿಯಲ್ಲಿ ಲೋಯಿಸ್ ಜೆನ್ಸನ್ ಮತ್ತು ಜೊತೆಗಾರ್ತಿಯರು 1988ರಲ್ಲಿ ಹೂಡಿದ ಲೈಂಗಿಕ ಕಿರುಕುಳದ ಮೊಕದ್ದಮೆ ಹತ್ತು ವರ್ಷ ಎಳೆದು ಮುಗಿಯಿತು. ‘ನಾರ್ತ್ ಕಂಟ್ರಿ’ ಸಿನಿಮಾ ನೋಡಿದವರಿಗೆ ಅದು ಗೊತ್ತಿದ್ದೀತು. ಈ ಕೋರ್ಟಿನ ದಾರಿಯಲ್ಲಿ ಹೆಂಗಸು ಕೆಲಸ ಪಡೆದಳು ನಿಜ. ಆದರೆ ಒಬ್ಬೊಬ್ಬಳೂ ಹೆಚ್ಚುಕಡಿಮೆ ಒಂಟಿಯಾಗಿ ಬೆಲೆ ತೆತ್ತಳು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1935ರಲ್ಲಿ ತಂದ 45ನೆಯ ಒಡಂಬಡಿಕೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಹೆಂಗಸರು ನೆಲದಡಿಯ ಗಣಿಗೆ ಇಳಿಯಬಾರದು ಎಂಬ ಒಪ್ಪಂದ ಅದು. ಆಸ್ಟ್ರೇಲಿಯಾ ಅದನ್ನು 1953ರಲ್ಲಿ ಒಪ್ಪಿ 1988ರಲ್ಲಿ ಬಿಟ್ಟಿತು. ಅಮೆರಿಕ ಒಪ್ಪಲೇ ಇಲ್ಲ. ಭಾರತ 1938ರಲ್ಲೇ ಸಹಿ ಹಾಕಿತು.

ಬರಹಗಳತ್ತ ತಿರುಗೋಣ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎರಡೂ ದೇಶಗಳಲ್ಲಿ ಹೆಂಗಸರ ಮಾತನ್ನು ಕೂತು ಬರೆದುಕೊಳ್ಳುವ ಕೆಲಸ ನಡೆಯಿತು. ಕ್ಲೇರ್ ವಿಲಿಯಮ್ಸ್ 1981ರಲ್ಲಿ ಕ್ವೀನ್ಸ್‌ಲೆಂಡಿನ ಗಣಿಯೂರೊಂದರ ಸಂಸಾರಗಳನ್ನು ಹತ್ತಿರದಿಂದ ನೋಡಿ ‘ಓಪನ್‌ಕಟ್’ ಬರೆದರು. ಗಂಡನ ಪಾಳಿ ಬದಲಾದಂತೆ ಹೆಂಡತಿಯ ನಿದ್ದೆ, ಅಡುಗೆ, ಮಕ್ಕಳ ಆಟ ಎಲ್ಲವೂ ಬದಲಾಗುವುದು ಅಲ್ಲಿ ಚರಿತ್ರೆಯ ವಸ್ತುವಾಯಿತು. ಮರಾಟ್ ಮೂರ್ 1996ರಲ್ಲಿ ಅಮೆರಿಕದ ಗಣಿ ಹೆಂಗಸರ ಬಾಯಿಮಾತುಗಳನ್ನು ಕೂಡಿಸಿ ‘ವಿಮೆನ್ ಇನ್ ದಿ ಮೈನ್ಸ್’ ತಂದರು. 2013ರಲ್ಲಿ ಕ್ಲೇರ್ ರೈಟ್ ಅವರ ‘ದಿ ಫರ್ಗಾಟನ್ ರೆಬೆಲ್ಸ್ ಆಫ್ ಯುರೇಕಾ’ ಬಂತು. ಬ್ಯಾಲರಟ್‌ನ ಚಿನ್ನ ಅಗೆಯುವವರು 1854ರಲ್ಲಿ ಎಬ್ಬಿಸಿದ ಯುರೇಕಾ ಬಂಡಾಯ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಗಂಡಸರ ಕತೆಯಾಗಿಯೇ ಹೇಳಲ್ಪಡುತ್ತಿತ್ತು. ಅದೇ ಹಳೆಯ ಕಾಗದಗಳನ್ನು ಮತ್ತೆ ಓದಿ, ಆ ಡೇರೆಗಳಲ್ಲಿ ಅಂಗಡಿ ಇಟ್ಟವರು, ಪತ್ರಿಕೆ ನಡೆಸಿದವರು, ಹೆರಿಗೆಯಾದವರು ಎಲ್ಲರೂ ಇದ್ದರೆಂದು ರೈಟ್ ತೋರಿಸಿಕೊಟ್ಟರು. ಹೊಸ ದಾಖಲೆಗಿಂತ ಹೊಸ ಪ್ರಶ್ನೆಯೇ ಅಲ್ಲಿ ಹೆಚ್ಚು ಕೆಲಸ ಮಾಡಿತು.

2006 ಈ ಕ್ಷೇತ್ರಕ್ಕೆ ತಿರುವಿನ ವರ್ಷ. ಗಿಯರ್ ಮತ್ತು ಮರ್ಸಿಯರ್ ಸಂಪಾದಿಸಿದ ‘ಮೈನಿಂಗ್ ವಿಮೆನ್’ ಅಮೆರಿಕದ ಕಡೆಯಿಂದ ಬಂತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿರುವ ಕುಂತಲಾ ಲಾಹಿರಿ–ದತ್ ಅವರು ಮಾರ್ತಾ ಮೆಕಿಂಟೈರ್ ಜೊತೆ ಸೇರಿ ಬಡ ದೇಶಗಳ ಗಣಿ ಹೆಂಗಸರ ಬಗ್ಗೆ ಇನ್ನೊಂದು ಸಂಪುಟ ತಂದರು. ಲಾಹಿರಿ–ದತ್ ಬಂಗಾಳದಿಂದ ಹೋದವರು, ರಾಣಿಗಂಜ್ ಕಡೆಯ ಕಲ್ಲಿದ್ದಲು ಬಲ್ಲವರು. ಭಾರತದಲ್ಲಿ ಹೆಂಗಸರು ಗಣಿಯೊಳಗೇ ದುಡಿಯುತ್ತಿದ್ದರು, 1929ರ ನಿಯಮಗಳ ನಂತರ ಹಂತಹಂತವಾಗಿ ಅವರನ್ನು ಹೊರಗೆ ಹಾಕಲಾಯಿತು ಎಂಬ ಸಂಗತಿ ಇದರಿಂದ ಮುಂದೆ ಬಂತು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ 1943ರಲ್ಲಿ ಅದೇ ಹೆಂಗಸರನ್ನು ಮತ್ತೆ ಇಳಿಸಿ, ಯುದ್ಧ ಮುಗಿಯುತ್ತಲೇ ಮತ್ತೆ ಹತ್ತಿಸಿದರು. ಅವರ ರಕ್ಷಣೆಗೆಂದು ಹೇಳಿದ ಕಾನೂನು ಯಾರ ಅನುಕೂಲಕ್ಕೆ ಬಾಗುತ್ತಿತ್ತೆಂಬುದು ಇಲ್ಲಿ ಸ್ಪಷ್ಟ.

ಕೆಜಿಎಫ್‌ನ ಕತೆ ಈ ಕಲ್ಲಿದ್ದಲ ಕತೆಯೂ ಅಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಇಲ್ಲಿ ಆಳದ ಕೆಲಸ ಗಂಡಸರದೇ. ಹೆಂಗಸರಿಗೆ ನೆಲದ ಮೇಲಿನ ಕೆಲವು ಕೆಲಸ, ಬಂಗಲೆಗಳಲ್ಲಿ ಆಯಾ ಕೆಲಸ. ಇಂದಿಗೂ ಅಡಿಪಾಯವಾಗಿರುವ ಪುಸ್ತಕ ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998). ಕೆಜಿಎಫ್‌ನ ಗಣಿಗಳನ್ನೂ ಬೆಂಗಳೂರಿನ ಬಟ್ಟೆ ಗಿರಣಿಗಳನ್ನೂ ಜೊತೆಗಿಟ್ಟು, ಮೈಸೂರು ಸಂಸ್ಥಾನದ ಕಾರ್ಮಿಕರ ಕೆಲಸ, ಸಂಸ್ಕೃತಿ, ರಾಜಕೀಯಗಳನ್ನು ಅವರು ಬರೆದರು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡ ಸಂಸಾರಗಳು ಜಮೀನ್ದಾರನ ಹಿಡಿತದಿಂದ ಬಿಡಿಸಿಕೊಂಡು ಕಂಪನಿಯ ಹಿಡಿತಕ್ಕೆ ಬಿದ್ದದ್ದು, ಆದರೂ ಇಲ್ಲಿ ಸ್ವಾಭಿಮಾನದ ಹೊಸ ಬದುಕು ಕಟ್ಟಿಕೊಂಡದ್ದು ಈ ಊರಿನ ಅಸಲು ಚರಿತ್ರೆ. ಇಲ್ಲಿ ಜಾತಿಯನ್ನು ಬಿಟ್ಟು ಹೆಣ್ಣಿನ ಪ್ರಶ್ನೆ ಕೇಳಲಾಗದು. ಅಮೆರಿಕ, ಆಸ್ಟ್ರೇಲಿಯಾದ ಮಾದರಿಗಳು ನಮಗೆ ಸಾಲದೆ ಹೋಗುವುದು ಇಲ್ಲೇ. ಸಂಘ ಗೆದ್ದರೂ, ಕೋರ್ಟು ಗೆದ್ದರೂ, ಕಾರ್ಮಿಕರ ಲೈನ್ ಮನೆಯ ಹೆಂಗಸಿಗೆ ಬಾವಿಕಟ್ಟೆಯಲ್ಲಿ ಏನಾಯಿತೆಂದು ಆ ಪುಸ್ತಕಗಳು ಕೇಳುವುದಿಲ್ಲ.

ಲೈನ್ ಮನೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಬಿದಿರಿನ ತಟ್ಟಿ, ಆಮೇಲೆ ಶೀಟು, ಗೋಡೆಗೆ ಗೋಡೆ ಅಂಟಿದ ಸಾಲು. ಒಂದೇ ಕೋಣೆಯಲ್ಲಿ ರಾತ್ರಿಪಾಳಿ ಮುಗಿಸಿದ ಗಂಡ ಹಗಲು ಮಲಗಿದರೆ ಮಕ್ಕಳು ಹೊರಗೆ, ಒಲೆಯೂ ಹೊರಗೆ. ಬೀದಿ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಬೇಸಿಗೆ ಗಾಳಿ ಎದ್ದರೆ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಬಿಳಿ ಧೂಳು ಅನ್ನದ ಪಾತ್ರೆಯವರೆಗೆ ಬರುತ್ತದೆ, ಬಟ್ಟೆ ಒಣಗಿಸಿದ್ದನ್ನು ಮತ್ತೆ ಜಾಲಾಡಬೇಕು. ನೆಲದಡಿ ಬಂಡೆ ಸಿಡಿದರೆ ತಟ್ಟೆ ಲೋಟ ಅಲುಗುತ್ತಿದ್ದವು. ಯಾವ ಷಾಫ್ಟು, ಯಾರ ಪಾಳಿ ಎಂದು ಹೆಂಗಸರು ಓಡುತ್ತಿದ್ದರು. 1940–46ರ ನಡುವೆ ಇಲ್ಲಿ 7,653 ಕಾರ್ಮಿಕರ ಎದೆ ಪರೀಕ್ಷೆ ನಡೆದು, ಶೇ. 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇದೆಯೆಂದು ಕಂಡುಬಂತು. ವೈದ್ಯಚರಿತ್ರೆಯಲ್ಲಿ ಈ ಅಂಕಿ ಪ್ರಸಿದ್ಧ. ಉಸಿರು ಕಟ್ಟಿದ ಅಷ್ಟು ಗಂಡಸರನ್ನು ರಾತ್ರಿಯೆಲ್ಲ ಕೂರಿಸಿ ಬೆನ್ನು ನೀವಿದವರ ದುಡಿಮೆ ಯಾವ ಕೋಷ್ಟಕದಲ್ಲೂ ಇಲ್ಲ.

ಇದೇ ಊರಿನ ಇನ್ನೊಂದು ಬದಿಯಲ್ಲಿ ಆಂಗ್ಲೋ–ಇಂಡಿಯನ್ ಹೆಂಗಸರಿದ್ದರು. ನರ್ಸು, ಟೀಚರು, ಟೈಪಿಸ್ಟು ಕೆಲಸ ಮಾಡಿ ಸ್ವಂತ ಸಂಬಳ ಎಣಿಸಿಕೊಂಡವರು. ಕಂಪನಿಯ ಬಿಳಿಯರ ಕ್ಲಬ್ಬಿಗೂ ಕಾರ್ಮಿಕರ ಲೈನಿಗೂ ನಡುವೆ ಅವರ ಜಾಗ. ಉರಿಗಾಂ, ಚಾಂಪಿಯನ್ ರೀಫ್‌ನ ಆ ಮನೆಗಳ ಅಡುಗೆ, ಕ್ರಿಸ್‌ಮಸ್, ಕುಣಿತಗಳ ನೆನಪನ್ನು ಬ್ರಿಜೆಟ್ ವೈಟ್–ಕುಮಾರ್ ಪುಸ್ತಕಗಳಲ್ಲಿ ಉಳಿಸಿದ್ದಾರೆ. ಬಿಳಿಯರ ಆಸ್ಟ್ರೇಲಿಯಾ ನೀತಿ 1966ರಿಂದ ಸಡಿಲವಾಗಿ 1973ರಲ್ಲಿ ಕೊನೆಗೊಂಡಾಗ ಭಾರತದ ಎಷ್ಟೋ ಆಂಗ್ಲೋ–ಇಂಡಿಯನ್ ಸಂಸಾರಗಳು ಪರ್ತ್, ಮೆಲ್ಬರ್ನ್‌ಗಳಿಗೆ ಹೊರಟವು. ಅಲಿಸನ್ ಬ್ಲಂಟ್ ಅವರ ‘ಡೊಮಿಸೈಲ್ ಅಂಡ್ ಡಯಾಸ್ಪೊರಾ’ (2005) ಈ ಹೆಂಗಸರ ಮನೆ ಎಂಬ ಕಲ್ಪನೆಯನ್ನೇ ಹಿಡಿದು ಭಾರತ, ಬ್ರಿಟನ್, ಆಸ್ಟ್ರೇಲಿಯಾಗಳನ್ನು ಜೋಡಿಸುತ್ತದೆ. ಇಲ್ಲಿ ಆಯಾ, ಅಡುಗೆಯಾಳು ಇಟ್ಟುಕೊಂಡಿದ್ದವಳು ಅಲ್ಲಿ ತನ್ನ ಮನೆ ತಾನೇ ಗುಡಿಸಿದಳು. ಇಲ್ಲಿ ಆ ಮನೆಯ ಆಯಾ ಆಗಿದ್ದವಳ ಕಡೆಯಿಂದಲೂ ಈ ಕತೆ ಬರಬೇಕಲ್ಲವೇ?

ಅಮೆರಿಕದ ನಂಟು ಬೇರೆ ಬಾಗಿಲಿನಿಂದ ಬಂತು. ಬರಗಾಲದ ಅನಾಥ ಮಕ್ಕಳಿಗಾಗಿ ಇಂಗ್ಲಿಷ್ ಮಹಿಳೆ ಲೂಯಿಸಾ ಆನ್‌ಸ್ಟಿ ಕೋಲಾರದಲ್ಲಿ ಕಟ್ಟಿದ ಸಂಸ್ಥೆ 1890ರಲ್ಲಿ ಅಮೆರಿಕನ್ ಮೆಥೊಡಿಸ್ಟರ ಕೈಗೆ ಬಂತು. 1910ರಲ್ಲಿ ಎಲೆನ್ ಥೋಬರ್ನ್ ಕವೆನ್ ಸ್ಮಾರಕ ಆಸ್ಪತ್ರೆ ಶುರುವಾಯಿತು. ಇಟಿಸಿಎಂ ಅಂದರೆ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಗೊತ್ತು. ಮದುವೆಯಾಗದೆ, ಒಬ್ಬಳೇ ಹಡಗು ಹತ್ತಿ ಬಂದು ಸಂಸ್ಥೆ ನಡೆಸುವ ಹೆಂಗಸನ್ನು ಈ ಸೀಮೆ ಮೊದಲು ಕಂಡದ್ದು ಮಿಷನ್ನಿನ ಅಂಗಳದಲ್ಲೇ ಇದ್ದೀತು. ಒರಟು ಊರಿಗೆ ಶಾಲೆ, ಚರ್ಚು ತರುವವಳು ಎಂಬ ಆ ಅಮೆರಿಕದ ಚಿತ್ರ ಕಡಲು ದಾಟಿದ್ದು ಹೀಗೆ.

ನಮ್ಮ ಹೆಂಗಸರ ಪಾಲಿಗೆ 1952 ವಿಚಿತ್ರವಾದ ವರ್ಷ. ಮೊದಲ ಮಹಾಚುನಾವಣೆಯಲ್ಲಿ ಲೈನಿನ ಹೆಂಗಸು ಮ್ಯಾನೇಜರನ ಹೆಂಡತಿಗೆ ಸಮನಾಗಿ ಮತ ಹಾಕಿದಳು. ಅದೇ ವರ್ಷದ ಗಣಿ ಕಾಯ್ದೆಯ 46ನೆಯ ಕಲಮು ನೆಲದಡಿಯ ಕೆಲಸಕ್ಕೆ ಅವಳು ಬರಕೂಡದೆಂದಿತು. 2019ರ ಜನವರಿಯ ಅಧಿಸೂಚನೆ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಹುದ್ದೆಗಳಿಗೆ ಹಗಲು ಹೊತ್ತಿನಲ್ಲಿ ಆ ಬಾಗಿಲು ತೆರೆಯಿತು. ಆ ಹೊತ್ತಿಗೆ ಕೆಜಿಎಫ್‌ನ ಗಣಿ ಮುಚ್ಚಿ ಸುಮಾರು ಹದಿನೆಂಟು ವರ್ಷ ಕಳೆದಿತ್ತು.

2001ರ ಫೆಬ್ರುವರಿ 28ರಂದು ಗಣಿ ನಿಂತ ಮೇಲೆ ಸಂಸಾರ ಹೊತ್ತವರಲ್ಲಿ ಹೆಂಗಸರೇ ಮುಂದು. ಅಗರಬತ್ತಿ ಹೊಸೆದು, ಬೀಡಿ ಕಟ್ಟಿ, ಮನೆಗೆಲಸ ಹಿಡಿದು, ಗಾರ್ಮೆಂಟ್ಸಿಗೆ ಹೋಗಿ ಮನೆ ನಡೆಸಿದರು. 1894ರಲ್ಲಿ ಗಣಿಗಾಗಿ ಹಾಕಿದ ಮಾರಿಕುಪ್ಪಂ–ಬಂಗಾರಪೇಟೆ ಹಳಿ ಈಗ ಇವರನ್ನು ಬೆಂಗಳೂರಿಗೆ ಒಯ್ಯುತ್ತದೆ. ಬೆಳಕು ಹರಿಯುವ ಮುಂಚಿನ ರೈಲಿನಲ್ಲಿ ಹೂ ಕಟ್ಟುವವರು, ತಲೆ ಬಾಚುವವರು, ಡಬ್ಬಿ ಬಿಚ್ಚಿ ಇಡ್ಲಿ ಹಂಚಿಕೊಳ್ಳುವವರು, ಸೀಟಿಗೆ ಒರಗಿ ನಿದ್ದೆ ತುಂಬಿಕೊಳ್ಳುವವರು. ಬಂಗಾರಪೇಟೆಯಲ್ಲಿ ಹಳ್ಳಿಗಳ ಕನ್ನಡ, ತೆಲುಗು ಮಾತಿನ ಹೆಂಗಸರು ಹತ್ತಿದಾಗ ಬೋಗಿಯ ತಮಿಳಿಗೆ ಅವೂ ಸೇರುತ್ತವೆ. ಕ್ಲೇರ್ ವಿಲಿಯಮ್ಸ್ ಕ್ವೀನ್ಸ್‌ಲೆಂಡಿನ ಮನೆಗಳಲ್ಲಿ ಕೂತು ಬರೆದುಕೊಂಡಂತೆ ಬರೆದುಕೊಳ್ಳಲು ಈ ಬೋಗಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅತ್ತೆ ಸಿಲಿಕೋಸಿಸ್ ಗಂಡನನ್ನು ನೋಡಿಕೊಂಡವಳು, ಸೊಸೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂತವಳು. ಮೂರು ತಲೆಮಾರು ಇನ್ನೂ ಒಂದೇ ಸೂರಿನಡಿ ಮಾತಿಗೆ ಸಿಗುತ್ತವೆ, ಅದರಲ್ಲಿ ಅತ್ತೆಯಂದಿರಿಗೆ ಈಗ ಎಂಬತ್ತರ ಆಸುಪಾಸು. ಕೆಲಸ ತಮಿಳಿನಲ್ಲಿ ಶುರುವಾಗಬೇಕು, ಕನ್ನಡಕ್ಕೂ ಬರಬೇಕು. ಕೋಲಾರದಲ್ಲಿ ಈಗ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ, ಇತಿಹಾಸ ಓದುವ ಹೆಣ್ಣುಮಕ್ಕಳಿದ್ದಾರೆ, ಅವರಲ್ಲಿ ಕೆಲವರು ಲೈನಿನಿಂದಲೇ ಬರುತ್ತಾರೆ. ಅವರ ಕೈಗೆ ಮೊದಲು ಹೋಗಬೇಕಾದ್ದು ಒಂದು ರೆಕಾರ್ಡರು, ಆಮೇಲೆ ಜಾನಕಿ ನಾಯರ್ ಅವರ ಪುಸ್ತಕ.