ನಾನಂತೆ

ನಾನು ಹುಟ್ಟಿದ ದಿನ ಜಡಿಮಳೆಯಂತೆ. ಆಟೊ ಸಿಗದೆ ಅಪ್ಪ ಮಾಗಡಿ ರಸ್ತೆಯಲ್ಲಿ ಅರ್ಧ ಗಂಟೆ ನಿಂತು ತೊಯ್ದು ತೊಪ್ಪೆಯಾದರಂತೆ. ಮೊದಲ ಮೂರು ತಿಂಗಳು ರಾತ್ರಿಯಿಡೀ ರಚ್ಚೆ ಹಿಡಿದು ಅಳುತ್ತಿದ್ದೆನಂತೆ. ಮೇಲಿನ ಮನೆಯ ಬಾಡಿಗೆಯವರು ಅದೇ ಕಾರಣಕ್ಕೆ ಮನೆ ಖಾಲಿ ಮಾಡಿದರಂತೆ.

ನನ್ನದೇ ಹುಟ್ಟು, ನನ್ನದೇ ಅಳು. ಆದರೂ ಈ ವಾಕ್ಯಗಳಲ್ಲಿ ಒಂದರಿಂದಲೂ ‘ಅಂತೆ’ಯನ್ನು ಕಿತ್ತುಹಾಕುವ ಹಾಗಿಲ್ಲ. ಕಿತ್ತರೆ ಕನ್ನಡ ಬಲ್ಲ ಯಾರೇ ಆದರೂ ‘ನೀನೇನು ಕಂಡಿದ್ಯಾ?’ ಎಂದು ಕೇಳಿಯಾರು. ನನ್ನ ಕಥೆಯ ಮೊದಲ ಅಧ್ಯಾಯ ನನಗೆ ಬಂದದ್ದೇ ಬೇರೆಯವರ ಬಾಯಿಂದ.

ಎರಡೇ ಅಕ್ಷರದ ಈ ಪದ ಮಾಡುವ ಕೆಲಸ ಸಣ್ಣದಲ್ಲ. ‘ಅಂದರು’ ಎನ್ನಬೇಕಾದರೆ ಅಂದವರೊಬ್ಬರು ಬೇಕು. ‘ಅಂತೆ’ಗೆ ಯಾರೂ ಬೇಡ. ಮೂಲೆ ಮನೆಯವರ ಮಗ ಸಿಗರೇಟು ಸೇದುತ್ತಾನಂತೆ. ಯಾರಂದರು? ಅಂತೆ, ಅಷ್ಟೆ. ತೆಲುಗಿನವರ ‘ಅಟ’, ತಮಿಳಿನವರ ‘ಆಂ’, ಮರಾಠಿಯವರ ‘ಮ್ಹಣೇ’ ಇದರ ನೆಂಟರು. ಬೆಂಗಳೂರಿನ ವಿಜಯನಗರದ ಒಂದೇ ಅಡ್ಡರಸ್ತೆಯಲ್ಲಿ ಸಂಜೆ ಹಾಲು ತರಲು ಹೋದರೆ ನಾಲ್ಕೂ ಕಿವಿಗೆ ಬೀಳುತ್ತವೆ. ಪತ್ರಿಕೆಯವರು ಮಾತ್ರ ‘ಎನ್ನಲಾಗಿದೆ’ ಎಂದು ಬರೆಯುತ್ತಾರೆ. ಅದು ಇನ್‌ಶರ್ಟ್ ಮಾಡಿಕೊಂಡ ‘ಅಂತೆ’.

ಹಾಗೆ ನೋಡಿದರೆ ಇದು ಪ್ರಾಮಾಣಿಕ ಪದ. ‘ನಾನು ಕಂಡಿಲ್ಲ, ಕೇಳಿದ್ದು’ ಎಂದು ಆಡುವವನು ಆಡುವಾಗಲೇ ಒಪ್ಪಿಕೊಂಡಂತಾಯಿತು. ಕಂಡದ್ದನ್ನು ಕಂಡವನೇ, ಕೇಳಿದ್ದನ್ನು ಕೇಳಿದವನೇ ಬಂದು ಕೋರ್ಟಿನಲ್ಲಿ ಹೇಳಬೇಕು ಎನ್ನಲು 1872ರ ಸಾಕ್ಷ್ಯ ಅಧಿನಿಯಮಕ್ಕೆ 60ನೇ ಕಲಮು ಬೇಕಾಯಿತು. ನಮ್ಮ ಅಜ್ಜಿಯಂದಿರು ಆ ಎಚ್ಚರವನ್ನು ಕ್ರಿಯಾಪದದ ಬಾಲಕ್ಕೆ ಕಟ್ಟಿ ಓಡಾಡುತ್ತಿದ್ದರು. ಕೆಡುಕು ಶುರುವಾಗುವುದು ಬಾಲ ಉದುರಿದಾಗ. ಭಾನುವಾರ ‘ಸೇದುತ್ತಾನಂತೆ’, ಬುಧವಾರ ‘ಸೇದುತ್ತಾನೆ’, ಶನಿವಾರ ‘ಅಯ್ಯೋ, ಅವನಾ? ಸೇದೋನು’. ಮೂಲೆ ಮನೆಯ ಹುಡುಗ ಈ ಒಂದು ವಾರದಲ್ಲಿ ಮಾಡಿದ್ದೇನೂ ಇಲ್ಲ. ಸುಮ್ಮನೆ ಶಾಲೆಗೆ ಹೋಗಿಬಂದಿದ್ದಾನೆ.

ನಮ್ಮ ಪಶ್ಚಿಮದ ಬಡಾವಣೆಗಳು ‘ಅಂತೆ’ಗೆ ಹೇಳಿಮಾಡಿಸಿದಂಥವು. ರಾಜಾಜಿನಗರ, ಬಸವೇಶ್ವರನಗರದ ತುಂಬ ಕಾರ್ಖಾನೆ ನೌಕರರ ಮನೆಗಳು. 30x40 ಸೈಟು, ಎರಡು ಮನೆಗೆ ಒಂದೇ ಕಾಂಪೌಂಡು, ಮೇಲೊಂದು ಬಾಡಿಗೆ ಮನೆ. ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು. ಬೆಳಿಗ್ಗೆ ಎಚ್‌ಎಂಟಿ, ಬಿಇಎಲ್, ಐಟಿಐ ಬಸ್ಸುಗಳು ಮುಖ್ಯರಸ್ತೆಗೆ ಬಂದು ಅಪ್ಪಂದಿರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ನಾಲ್ಕನೇ ಮುಖ್ಯರಸ್ತೆಯ ಸುದ್ದಿ ಆ ಬಸ್ಸಿನಲ್ಲಿ ಜಾಲಹಳ್ಳಿ ನೋಡಿಕೊಂಡು, ಸಂಜೆಯ ಹೊತ್ತಿಗೆ ಇಷ್ಟು ದಪ್ಪವಾಗಿ ಎಂಟನೇ ಮುಖ್ಯರಸ್ತೆಗೆ ಇಳಿಯುತ್ತಿತ್ತು. ವಾಟ್ಸ್‌ಆ್ಯಪ್ ಬಂದ ಮೇಲೆ ಸುದ್ದಿ ವೇಗವಾಗಿ ಹರಡುತ್ತದೆ ಎನ್ನುವವರು ಕಾರ್ಖಾನೆ ಬಸ್ಸು ಕಂಡವರಲ್ಲ.

1988. ನಾನು ಹತ್ತನೇ ಕ್ಲಾಸು. ಮನೆ ಬಸವೇಶ್ವರನಗರದಲ್ಲಿ, ಲೆಕ್ಕದ ಟ್ಯೂಷನ್ನು ವಿಜಯನಗರದಲ್ಲಿ. ಒಂದು ದಿನ ಬಿಟಿಎಸ್ ಬಸ್ಸು ಬರಲೇ ಇಲ್ಲ. ನಮ್ಮ ಬ್ಯಾಚಿನ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ನನ್ನ ಜೊತೆ ನಡೆದು ಬಂದ. ನನ್ನ ಬ್ಯಾಗು ಅವನ ಕ್ಯಾರಿಯರಿನಲ್ಲಿತ್ತು. ದಾರಿಯುದ್ದಕ್ಕೂ ನಾವು ಮಾತಾಡಿದ್ದು ಪೈಥಾಗೊರಸನ ಪ್ರಮೇಯ ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು. ಅವನ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ಕೈಗೆ ಹತ್ತಿದ ಗ್ರೀಸನ್ನು ಅವನು ಸಂಪಿಗೆ ಮರಕ್ಕೆ ಒರೆಸಿದ. ಅದನ್ನು ಕಂಡು ನಾನು ಜೋರಾಗಿ ನಕ್ಕೆ. ನಕ್ಕದ್ದನ್ನು ಯಾರೋ ನೋಡಿದರು.

ಮೂರನೇ ದಿನಕ್ಕೆ ‘ಅಂತೆ’ ಮನೆಗೆ ಬಂತು. ‘ನಿಮ್ಮ ಹುಡುಗಿ ಯಾರದೋ ಜೊತೆ ಓಡಾಡ್ತಾಳಂತೆ.’ ಈ ‘ಓಡಾಡು’ ಎಂಬ ಕ್ರಿಯಾಪದದ ಬಗ್ಗೆ ಬೇರೆಯೇ ಅಂಕಣ ಬರೆಯಬಹುದು. ಗಂಡುಮಕ್ಕಳು ಕೆಲಸದ ಮೇಲೆ ಓಡಾಡುತ್ತಾರೆ. ಹೆಣ್ಣುಮಕ್ಕಳು ‘ಓಡಾಡುತ್ತಾರೆ’, ಅಷ್ಟೆ. ಬೈಗುಳವೇನೂ ಬೀಳಲಿಲ್ಲ. ಆ ರಾತ್ರಿ ನಾನೇ ವಿವರಿಸಲು ಬಾಯಿ ತೆರೆದೆ. ಅಮ್ಮ ತಟ್ಟೆ ಇಟ್ಟು ‘ಆಮೇಲೆ ಹೇಳುವಿಯಂತೆ, ಮೊದಲು ಊಟ ಮಾಡು’ ಎಂದರು. ಮರುವಾರದಿಂದ ಟ್ಯೂಷನ್ನು ನಮ್ಮ ರಸ್ತೆಯಲ್ಲೇ ಇದ್ದ ಮೇಷ್ಟರ ಮನೆಗೆ ಬದಲಾಯಿತು. ಆ ‘ಆಮೇಲೆ’ ಬರಲೇ ಇಲ್ಲ.

ಹದಿಹರೆಯದವರು ಸದಾ ಯಾರೋ ತಮ್ಮನ್ನು ನೋಡುತ್ತಿದ್ದಾರೆಂದು ಭಾವಿಸುತ್ತಾರೆ, ತಲೆಯೊಳಗೇ ಒಂದು ಕಾಲ್ಪನಿಕ ಪ್ರೇಕ್ಷಕವರ್ಗ ಕಟ್ಟಿಕೊಳ್ಳುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಬರೆದ. ಮಹಾಶಯ ನಮ್ಮ ಬಸವೇಶ್ವರನಗರದ ಕಡೆ ಬಂದವನಲ್ಲ. ಇಲ್ಲಿ ಪ್ರೇಕ್ಷಕರು ಗೇಟಿನ ಬಳಿ ಸೊಪ್ಪು ಬಿಡಿಸುತ್ತಾ ಸಾಕ್ಷಾತ್ ಕೂತಿರುತ್ತಿದ್ದರು.

ನಾನು ತಲೆ ಬಗ್ಗಿಸಿಕೊಂಡು ನಡೆಯತೊಡಗಿದೆ. ರಸ್ತೆಯಲ್ಲಿ ನಗುವುದನ್ನು ಬಿಟ್ಟೆ. ವರ್ಷವೊಂದು ಕಳೆಯುವಷ್ಟರಲ್ಲಿ ಅದೇ ಗೇಟಿನಿಂದ ಇನ್ನೊಂದು ‘ಅಂತೆ’ ಹೊರಟಿತು: ‘ಬಂಗಾರದಂಥ ಹುಡುಗಿಯಂತೆ, ತಲೆ ಎತ್ತಿ ನೋಡಲ್ಲವಂತೆ.’ ಕಾಲೇಜಿನಲ್ಲಿ ಮೂರನೆಯದು: ‘ಗುಮ್ಮನಗುಸಕಿಯಂತೆ.’ ನಿಜ ಹೇಳಬೇಕೆಂದರೆ ಮೊದಲನೆಯದಕ್ಕಿಂತ ನನ್ನನ್ನು ಹೆಚ್ಚು ಕಟ್ಟಿಹಾಕಿದ್ದು ಆ ಎರಡನೆಯದು. ಕೆಟ್ಟ ಹೆಸರಿನ ಮೇಲೆ ಸಿಟ್ಟಾದರೂ ಬರುತ್ತದೆ. ಬಂಗಾರದ ಹುಡುಗಿ ಎಂಬ ಹೆಸರು ಬಂದರೆ ಅದನ್ನು ದಿನಾ ಬೆಳಿಗ್ಗೆ ತೊಳೆದು ಉಜ್ಜಿ ಇಡಬೇಕು. ಇಪ್ಪತ್ತೆರಡನೆಯ ವಯಸ್ಸಿನವರೆಗೆ ನಾನು ಮಾಡಿದ್ದು ಅದನ್ನೇ.

ಈಗ ವ್ಯಾಕರಣದ ಒಂದು ತಮಾಷೆ. ಕನ್ನಡದಲ್ಲಿ ‘ಅಂತೆ’ ಎರಡಿವೆ. ಒಂದು, ಕೇಳಿದ ಸುದ್ದಿಯದು: ಬಂದನಂತೆ. ಇನ್ನೊಂದು, ಹೋಲಿಕೆಯದು: ಕಾಳ್ಗಿಚ್ಚಿನಂತೆ, ಹೂವಿನಂತೆ. ಕ್ರಿಯಾಪದಕ್ಕೆ ಹತ್ತಿದಾಗ ಎರಡೂ ಬೇರೆ ಬೇರೆಯಾಗಿಯೇ ಇರುತ್ತವೆ. ‘ಹೇಳಿದಂತೆ’ ಬೇರೆ, ‘ಹೇಳಿದನಂತೆ’ ಬೇರೆ. ಹೆಸರಿಗೆ ಹತ್ತಿದರೆ ಎಷ್ಟೋ ಕಡೆ ಗಡಿ ಅಳಿಸಿಹೋಗುತ್ತದೆ. ‘ಅವನು ಕಳ್ಳನಂತೆ’ ಎಂದು ಬರೆದು ಕೆಳಗಿಡಿ. ಅವನು ಕಳ್ಳ ಎಂಬ ಸುದ್ದಿಯೋ, ಅವನು ಕಳ್ಳನ ಹಾಗಿದ್ದಾನೆ ಎಂಬ ಹೋಲಿಕೆಯೋ? ಮುಂದಿನ ಪದ ಬರುವವರೆಗೆ ಗೊತ್ತಾಗದು. ಅವಳಂತೆ, ಅವರಂತೆ, ಪುಂಡನಂತೆ, ಹುಚ್ಚಿಯಂತೆ, ಎಲ್ಲವೂ ಹೀಗೆಯೇ ಇಬ್ಬಂದಿ.

ಆದರೆ ‘ನಾನು’ ಎಂಬಲ್ಲಿ ಭಾಷೆ ಎಚ್ಚರವಾಗಿದೆ. ‘ನಾನಂತೆ’ ಎಂದರೆ ಜನ ಹೇಳುವುದು, ‘ನನ್ನಂತೆ’ ಎಂದರೆ ನನ್ನ ಹಾಗೆ. ‘ನೀನಂತೆ’, ‘ನಿನ್ನಂತೆ’ಗಳೂ ಬೇರೆ ಬೇರೆ. ಎದುರೆದುರು ಇರುವ ಇಬ್ಬರ ವಿಷಯದಲ್ಲಿ ಗೊಂದಲವಿಲ್ಲ. ಗೊಂದಲವೆಲ್ಲ ಅಲ್ಲಿಲ್ಲದ ಮೂರನೆಯವರ ವಿಷಯದಲ್ಲಿ. ಹರಟೆಕಟ್ಟೆಯ ನಿಯಮವೂ ಇದೇ ಅಲ್ಲವೇ? ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ, ಬರೀ ಸಂಧಿಕಾರ್ಯ. ಆದರೂ ಗಮನಕ್ಕೆ ಬಂದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸುದ್ದಿಯ ‘ಅಂತೆ’ ಹೋಲಿಕೆಯ ‘ಅಂತೆ’ಯಾಗುವುದು ವ್ಯಾಕರಣದ ಹೊರಗೂ ಉಂಟು. ತರಾಸು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ‘ನಾಗರಹಾವು’ ನೆನಪಿಸಿಕೊಳ್ಳಿ. ಚಿತ್ರದುರ್ಗದ ರಾಮಾಚಾರಿ ಪುಂಡನಂತೆ ಎಂದು ಊರು ಹೇಳುತ್ತದೆ. ಹುಡುಗ ಪುಂಡನಂತೆಯೇ ನಡೆಯುತ್ತಾನೆ. ಅವನಿಗೂ ಆ ಮಾತಿಗೂ ನಡುವೆ ಅಡ್ಡ ನಿಲ್ಲುವವರು ಚಾಮಯ್ಯ ಮೇಷ್ಟರೊಬ್ಬರೇ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯದೂ ಇದೇ ದಾರಿ. ಆಸ್ಪತ್ರೆಯಿಂದ ಗುಣವಾಗಿ ಬಂದವಳು ಅವಳು. ‘ಹುಚ್ಚಿಯಂತೆ’ ಎಂಬ ಕಣ್ಣುಗಳ ನಡುವೆ ಬದುಕಿ, ಮತ್ತೆ ಅಲ್ಲಿಗೇ ಮರಳುತ್ತಾಳೆ. ರಾಮಾಚಾರಿಯನ್ನು ರಾಜಾಜಿನಗರದ ನವರಂಗ್ ಸುತ್ತಮುತ್ತ ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಚಾಮಯ್ಯ ಮೇಷ್ಟರನ್ನು ಅಷ್ಟಾಗಿ ಕಂಡಿಲ್ಲ.

ಮೂರನೆಯ ಬಗೆಯೊಂದಿದೆ, ಅದು ಅಣಕದ್ದು. ‘ಇವಳು ಪೈಲಟ್ ಆಗ್ತಾಳಂತೆ!’ ನೆಂಟರೆದುರು ಹೀಗೆ ಹೇಳಿ ನಕ್ಕರೆ ಸಾಕು, ಕಾಫಿ ಲೋಟ ಹಿಡಿದು ನಿಂತ ಹುಡುಗಿ ಇನ್ನು ಮನೆಯಲ್ಲಿ ಆ ವಿಷಯ ಎತ್ತುವುದಿಲ್ಲ. ಅವಳದೇ ಆಸೆಯನ್ನು ಗಾಳಿಸುದ್ದಿಯ ದರ್ಜೆಗೆ ಇಳಿಸಿ ಅವಳಿಗೇ ವಾಪಸು ಕೊಟ್ಟಾಯಿತಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಂತೂ ಸುಗ್ಗಿ. ‘ಎಷ್ಟು ಬಂತಂತೆ?’ ಪ್ರಶ್ನೆ ಮಗುವಿಗಲ್ಲ, ಅದರ ಅಮ್ಮನಿಗೂ ಅಲ್ಲ, ಎದುರು ಮನೆಯವರಿಗೆ. 625ಕ್ಕೆ 540 ತೆಗೆದ ಮಗು ಒಳ್ಳೆಯ ಅಂಕ ತೆಗೆದಿದೆ. ಆದರೆ ‘ಪಕ್ಕದ ಮನೆಯವಳದು 610 ಅಂತೆ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣದಿಂದ ಅದು 70 ಕಳೆದುಕೊಂಡ ಮಗು.

ಹೋದ ವರ್ಷ ಕೆಂಗೇರಿಯಿಂದ ಮೆಟ್ರೊದಲ್ಲಿ ಬರುತ್ತಿದ್ದೆ. ಮೈಸೂರು ರಸ್ತೆ ನಿಲ್ದಾಣದಲ್ಲಿ ಪಿಯುಸಿಯ ಇಬ್ಬರು ಹುಡುಗಿಯರು ಹತ್ತಿ ಬಾಗಿಲ ಪಕ್ಕ ನಿಂತರು. ಒಬ್ಬಳ ಕೈಯಲ್ಲಿ ಫೋನು. ಅದರಲ್ಲಿ ಯಾವುದೋ ‘ಕನ್ಫೆಷನ್’ ಪೇಜಿನ ಸ್ಕ್ರೀನ್‌ಶಾಟು. ಹೆಸರು ಹಾಕದೆ, ಕ್ಲಾಸು ಮತ್ತು ಕೂದಲಿನ ವರ್ಣನೆಯಷ್ಟೇ ಕೊಟ್ಟು ಯಾರ ಬಗ್ಗೆಯೋ ಬರೆದ ನಾಲ್ಕು ಸಾಲು. ಇಂಥ ಪೇಜುಗಳು ಈಗ ಶಾಲೆಗೊಂದು, ಕಾಲೇಜಿಗೆರಡು. ನಡೆಸುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ‘ಅಂತೆ’ಗೆ ಆಡಿದವರು ಬೇಕಿಲ್ಲ ಎಂದೆನಲ್ಲ, ಹಾಗೆ. ದೀಪಾಂಜಲಿ ನಗರ ದಾಟಿತು. ಹುಡುಗಿ ಪರದೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದಳು, ಕುಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. ಅತ್ತಿಗುಪ್ಪೆ ಹತ್ತಿರ ಬಂದಾಗ ಗೆಳತಿಗೆ ಮೆಲ್ಲಗೆ ಹೇಳಿದಳು: ‘ಇದು ನಾನಂತೆ ಕಣೇ.’

ಹೇಳಿ, ಬಾಗಿಲ ಗಾಜಿನಲ್ಲಿ ಕಾಣುತ್ತಿದ್ದ ತನ್ನ ಕೂದಲನ್ನು ನೋಡಿಕೊಂಡಳು. ವಿಜಯನಗರದಲ್ಲಿ ಇಳಿಯುವ ಮುಂಚೆ ಜುಟ್ಟನ್ನು ಬಿಚ್ಚಿ ಜಡೆ ಹಾಕಿಕೊಂಡಿದ್ದಳು.

ವಾಟ್ಸ್‌ಆ್ಯಪ್ 2018ರಲ್ಲಿ ಬೇರೆಡೆಯಿಂದ ಬಂದ ಸಂದೇಶಗಳ ನೆತ್ತಿಯ ಮೇಲೆ ‘ಫಾರ್ವರ್ಡೆಡ್’ ಎಂದು ಚೀಟಿ ಅಂಟಿಸತೊಡಗಿತು. ಕನ್ನಡದ ‘ಅಂತೆ’ಯನ್ನೇ ಅವರು ಯಂತ್ರಕ್ಕೆ ಕಲಿಸಿದ್ದು ಎಂದು ನಾನು ಹೆಮ್ಮೆಪಡುವಷ್ಟರಲ್ಲಿ ಮಕ್ಕಳು ಸ್ಕ್ರೀನ್‌ಶಾಟು ತೆಗೆಯುವುದನ್ನು ಕಂಡೆ. ಚೀಟಿ ಕತ್ತರಿಸಿ ಚಿತ್ರವನ್ನಷ್ಟೇ ಕಳಿಸಿದರೆ ಮುಗಿಯಿತು. ಬುಧವಾರದ ‘ಸೇದುತ್ತಾನೆ’ಗೆ ಈಗ ಬುಧವಾರದವರೆಗೆ ಕಾಯಬೇಕಿಲ್ಲ.

ಪದಗಳಿಂದ ಮಕ್ಕಳಿಗೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಅರಿತದ್ದು, ಆಶ್ಚರ್ಯವೆಂದರೆ, ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮಿನಲ್ಲಿರುವ ತತ್ವಗಳಲ್ಲಿ ಒಂದು ಪೂರ್ತಿ ಭಾಷೆಗೇ ಮೀಸಲು: ಮಗುವಿಗೆ ಸಂಬಂಧಿಸಿದ ಯಾವ ಪ್ರಕ್ರಿಯೆಯಲ್ಲೂ ಆರೋಪಿಸುವ, ಎದುರಾಳಿಯೆಂಬಂತೆ ಕಾಣುವ ಪದಗಳನ್ನು ಬಳಸಕೂಡದು. ಹೊಸದಾಗಿ ಬದುಕು ಶುರುಮಾಡುವ ಹಕ್ಕು ಇನ್ನೊಂದು ತತ್ವ. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಹಳೆಯ ದಾಖಲೆಗಳನ್ನು ಅಳಿಸಬೇಕು. ಕಾಯ್ದೆಯೊಡನೆ ಸಂಘರ್ಷಕ್ಕೆ ಬಿದ್ದ ಹುಡುಗನಿಗೂ ಇಷ್ಟು ರಕ್ಷಣೆಯಿದೆ. ಗ್ರೀಸ್ ಒರೆಸಿದ್ದಕ್ಕೆ ನಕ್ಕ ಹುಡುಗಿಯ ದಾಖಲೆ ಮಾತ್ರ ಗೇಟಿನ ಬಳಿ ಭದ್ರ.

ಹಾಗೆಂದು ನಾನು ಈ ಪದದ ಮೇಲೆ ಮುನಿದಿಲ್ಲ. ಅದಕ್ಕೊಂದು ನಾಲ್ಕನೆಯ ಮುಖವಿದೆ. ‘ಆಮೇಲೆ ಆಡುವಿಯಂತೆ.’ ‘ನಾಳೆ ಹೋಗೋಣಂತೆ.’ ಸುದ್ದಿಯೂ ಅಲ್ಲದ, ಹೋಲಿಕೆಯೂ ಅಲ್ಲದ, ತಲೆ ಸವರಿದಂತಿರುವ ಆ ‘ಅಂತೆ’ಯನ್ನು ಬೇರೆ ಭಾಷೆಗೆ ದಾಟಿಸಲು ನನಗಂತೂ ಬಂದಿಲ್ಲ. ಬೇಡ ಎನ್ನದೆ ಮುಂದಕ್ಕೆ ಹಾಕುವುದು, ಹಾಕಿಯೂ ಮಾತು ಕೊಡುವುದು.

ಹೋದ ಡಿಸೆಂಬರಿನಲ್ಲಿ ಅಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅಮ್ಮನಿಗೀಗ ಎಂಬತ್ತರ ಹತ್ತಿರ. ಸುದ್ದಿ ತಂದವರು ಎಂದೋ ಮನೆ ಮಾರಿ ಕೆಂಗೇರಿ ಉಪನಗರಕ್ಕೆ ಹೋದರು. ಆ ಗೇಟಿನ ಜಾಗದಲ್ಲಿ ಈಗ ಮೂರಂತಸ್ತಿನ ಪಿ.ಜಿ. ಏನೆನಿಸಿತೋ, ಬಸ್ಸು ಬಾರದ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ಪೈಥಾಗೊರಸ್, ಚೈನು, ಸಂಪಿಗೆ ಮರ, ನಗು. ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಾ ಕೇಳಿಸಿಕೊಂಡರು.

‘ಯಾವ ಹುಡುಗ?’ ಎಂದರು. ಅವರಿಗೆ ಅದ್ಯಾವುದೂ ನೆನಪೇ ಇರಲಿಲ್ಲ.