ಹಳೆಯ ಸೀರೆಯಿಂದ ಕಿಟಕಿಗೆ ಪರದೆ

ಪರದೆಯ ಅಗಲವನ್ನು ಕಿಟಕಿಯಿಂದಲ್ಲ, ಅದನ್ನು ತೂಗುಹಾಕುವ ಸರಳಿನಿಂದ ಅಳೆಯಬೇಕು. 48 ಅಂಗುಲ ಅಗಲದ ಕಿಟಕಿಗೆ ಇಕ್ಕೆಲಗಳಲ್ಲಿ 4 ಅಂಗುಲ ಚಾಚಿದ ಸರಳಿನ ಉದ್ದ 56 ಅಂಗುಲ. ನೆರಿಗೆ ಬೀಳಲು ಬಟ್ಟೆ ಇದರ ಒಂದೂವರೆ ಪಟ್ಟು, ಅಂದರೆ 84 ಅಂಗುಲವಾದರೂ ಅಗಲವಿರಬೇಕು. ಇಲ್ಲಿ ಜಿಪುಣತನ ಮಾಡಿದರೆ ಪರದೆ ಹಲಗೆಯಂತೆ ನಿಲ್ಲುತ್ತದೆ.

ಖರ್ಚು ತಗ್ಗಿಸಲು ಹಳೆಯ ನೂಲಿನ ಸೀರೆಯೇ ಲೇಸು. ಸುಮಾರು 45 ಅಂಗುಲ ಅಗಲದ, 5.5 ಮೀಟರ್ ಉದ್ದದ ಸೀರೆಯಲ್ಲಿ 70 ಅಂಗುಲದ ಮೂರು ತುಂಡುಗಳು ದೊರೆಯುತ್ತವೆ. ಈ ಕಿಟಕಿಗೆ ಎರಡು ಸಾಕು. ಸರಳು ತೂರಿಸಲು ಮೇಲೆ 4, ಮಡಿಕೆಗೆ ಕೆಳಗೆ 6 ಅಂಗುಲ ಬಿಟ್ಟರೆ ಪರದೆ 60 ಅಂಗುಲ ಇಳಿಯುತ್ತದೆ. ಸೀರೆಯ ಅಂಚುಗಳಿರುವುದರಿಂದ ಪಕ್ಕಗಳಿಗೆ ಹೊಲಿಗೆ ಬೇಡ. ಒಗೆದು ಒಗೆದು ಕುಗ್ಗಿದ ಸೀರೆಗೆ ಭಯವಿಲ್ಲ. ಹೊಸ ಹತ್ತಿ ಬಟ್ಟೆಯನ್ನಾದರೋ ನೀರಿನಲ್ಲಿ ನೆನೆಸಿ, ಒಣಗಿಸಿದ ಬಳಿಕವೇ ಕತ್ತರಿಸತಕ್ಕದ್ದು.